ಮಕ್ಕಳಿಗೆ ಬನಾನಾ ಬೋಟು, ಮಾವನಾರಿಗೆ ಈಜು, ಅತ್ತಿಯಾರಿಗೆ ಸಮುದ್ರಸ್ನಾನ: ಎಲ್ಲಿಗೆ ಹೋಗೂಣು?

ನವನಗರದಾಕಿ

ನಮಸ್ಕಾರ ಎಲ್ಲಾರಿಗೂ. ಜನವರಿ 26ರ ರಜಾಕ್ಕ ಹೊಂದಿಸಿ ಮೂರು ದಿನ ಕಡಲ ಕಡೆ ಹೋಗೂದು ಅಂತ ಮನ್ಯಾಗ ಠರಾವ್ ಆಗೇತಿ. ಹುಬ್ಬಳ್ಳಿಯಿಂದ ಒಂದ ಗಾಡಿ, ಆರು ಮಂದಿ. ಮಗಳಿಗೆ 13, ಮಗನಿಗೆ 9. ಇಬ್ಬರದೂ ಬನಾನಾ ಬೋಟು, ಜೆಟ್ ಸ್ಕೀ, ಪ್ಯಾರಾಸೇಲಿಂಗ್ ಅಂತ ಒಂದ ಜಪ. ಅತ್ತಿಯಾರಿಗೆ ಗೋಕರ್ಣದಾಗ ಸಮುದ್ರಸ್ನಾನ ಮಾಡಿ ಮಹಾಬಲೇಶ್ವರನ ದರ್ಶನ ಆಗಬೇಕು. ಮಾವನಾರು ಗುತ್ತಲ ಕಡೆಯವರು, ಹರೇದಾಗ ತುಂಗಭದ್ರಾ ಹೊಳಿ ಈಜಿ ದಾಟಿದವರು, ಈಗ 64. "ನನಗ್ಯಾರೂ ಈಜು ಹೇಳಿಕೊಡಬ್ಯಾಡ್ರಿ" ಅಂತ ಇವತ್ತಿಂದನ ಶುರು ಮಾಡ್ಯಾರ. ನನಗೂ ನಮ್ಮ ಯಜಮಾನರಿಗೂ ಈಜು ಬರೂದಿಲ್ಲ.

ಕೇಳೂದು ಇಷ್ಟ: ಗೋಕರ್ಣ, ಮುರುಡೇಶ್ವರ, ಕಾರವಾರ, ಇದರಾಗ ಎಲ್ಲೆ ಮಕ್ಕಳನ್ನ ಧೈರ್ಯದಿಂದ ನೀರಿಗೆ ಬಿಡಬಹುದು? ಆಟ ಎಲ್ಲೆ ಆಡಸೂದು? ರೀಲ್ಸ್ ನೋಡಿ ನೋಡಿ ತಲಿ ಕೆಟ್ಟೇತಿ. ಹೋಗಿ ಬಂದವರು ಹೇಳ್ರಿ.

ಪೇಡೆ ಪ್ರಿಯ

ಗೋಕರ್ಣದ ಓಂ ಬೀಚ್. ಮುಗೀತು. ಮ್ಯಾಲೆ ನಿಂತು ಫೋಟೋ ತಗೀರಿ, ಕೆಳಗಿಳೀರಿ, ಬೋಟು ಅಲ್ಲೇ ಸಿಗ್ತಾವ. ಸಂಜೀಕ ಕುಡ್ಲೆ ಬೀಚಿನ್ಯಾಗ ಕುಂತು ಸೂರ್ಯಾಸ್ತ ನೋಡ್ರಿ.

ಬುಲೆಟ್ ಸವಾರ

ಪೇಡೆ ಅಣ್ಣಾ ಹೇಳಿದ್ದು ಖರೆ. ಹಾಫ್ ಮೂನ್, ಪ್ಯಾರಡೈಸ್ ಬಿಡಬ್ಯಾಡ್ರಿ, ಮಂದಿ ಕಡಿಮಿ, ನೀರು ಸ್ವಚ್ಛ. ನಾವು ಹುಡುಗರೆಲ್ಲಾ ಅಲ್ಲೇ ಇಳೀತೀವಿ, ಸೀಟಿ ಊದಾಂವ ಯಾರೂ ಇರೂದಿಲ್ಲ.

ಕುಮಟಾದ ಮಗಳು

ಸೀಟಿ ಊದುವವರು ಯಾರೂ ಇಲ್ಲ ಅನ್ನುವುದನ್ನು ನೀವು ಆ ಜಾಗದ ಹೆಚ್ಚುಗಾರಿಕೆ ಅಂತ ಬರೆದಿದ್ದೀರಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅಲ್ಲಿಗೆ ಹೋಗಬಾರದು ಅನ್ನುವುದಕ್ಕೆ ಅದೇ ಕಾರಣ.

ನಾನು ಹುಟ್ಟಿ ಬೆಳೆದದ್ದು ಕುಮಟಾ, ಮದುವೆಯಾಗಿ ಬಂದದ್ದು ಧಾರವಾಡಕ್ಕೆ. ನಮ್ಮ ಬದಿಯ ಮನೆಗಳಲ್ಲಿ ಮಕ್ಕಳಿಗೆ ಮೊದಲು ಹೇಳುವುದೇ ಎಲ್ಲಿ ಇಳಿಯಬಾರದು ಅಂತ. ಮೊದಲನೆಯದು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ. ಕಾರವಾರದಿಂದ ಹೊನ್ನಾವರದವರೆಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಕಡಲು ಸೇರುತ್ತವೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ, ಭರತದಲ್ಲಿ (ಉಬ್ಬರದಲ್ಲಿ) ಒಳಗೆ ಬಂದ ಉಪ್ಪುನೀರೂ ಒಟ್ಟಿಗೆ ಹೊರಗೆ ಓಡುತ್ತವೆ. ಮೇಲೆ ನೋಡಿದರೆ ನುಣ್ಣಗೆ, ತೆರೆಯೇ ಇಲ್ಲ. ಘಟ್ಟದ ಮೇಲಿನವರು ತೆರೆ ಇಲ್ಲದ ಜಾಗವೇ ಸುರಕ್ಷಿತ ಅಂದುಕೊಂಡು ಅಲ್ಲೇ ಇಳಿಯುತ್ತಾರೆ.

ಎರಡನೆಯದು ಬಂಡೆಯ ಬುಡ. ಓಂ ಬೀಚ್ ನೋಡಲು ಚಂದ, ಇಲ್ಲ ಅನ್ನುವುದಿಲ್ಲ. ಆದರೆ ಅದರ ನಡುವೆಯೇ ಬಂಡೆಗಳಿವೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಸೆಲ್ಫಿಗೆ ನಿಂತವರನ್ನು ಒಂದು ದೊಡ್ಡ ತೆರೆ ಸಾಕು ಎಳೆದುಕೊಳ್ಳಲು. ಹಾಫ್ ಮೂನ್, ಪ್ಯಾರಡೈಸ್‌ಗೆ ಗಾಡಿ ರಸ್ತೆಯೇ ಇಲ್ಲ, ಗುಡ್ಡ ಹತ್ತಿ ನಡೆಯಬೇಕು ಇಲ್ಲವೇ ದೋಣಿ. ಏನಾದರೂ ಆದರೆ ಮನುಷ್ಯನನ್ನು ಹೊತ್ತು ತರುವುದು ಹೇಗೆ?

ಈಜು ಬಾರದ ತಂದೆತಾಯಿ, ಒಂಬತ್ತು ವರ್ಷದ ಹುಡುಗ ಅಂದರೆ ನಾನು ಕಣ್ಣು ಮುಚ್ಚಿ ಹೇಳುವುದು ಹೊನ್ನಾವರದ ಕಾಸರಕೋಡ ಇಕೋ ಬೀಚ್. 2020ರಲ್ಲಿ ದೇಶದ ಎಂಟು ಬೀಚ್‌ಗಳಿಗೆ ಮೊದಲ ಸಲ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯ ಬಾವುಟ) ಸಿಕ್ಕಿದಾಗ ಕರ್ನಾಟಕದಿಂದ ಇದ್ದದ್ದು ಎರಡೇ: ಇದು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಆ ಬಾವುಟಕ್ಕೆ 33 ಷರತ್ತು ಇವೆ. ನೀರಿನ ಪರೀಕ್ಷೆ, ಜೀವರಕ್ಷಕರು, ಸ್ನಾನದ ಕೋಣೆ, ಶೌಚಾಲಯ ಎಲ್ಲಾ ಅದರಲ್ಲೇ ಬರುತ್ತದೆ, ಪ್ರತಿವರ್ಷ ಹೊಸದಾಗಿ ಪಡೆಯಬೇಕು. ಈಜಲು ಗುರುತು ಮಾಡಿದ ಜಾಗ ಇರುತ್ತದೆ, ಅದರೊಳಗೇ ಇರಿ. ಶರಾವತಿಯ ಅಳಿವೆ ಅಲ್ಲಿಂದ ದೂರವೇನಿಲ್ಲ, "ಆ ತುದಿಗೆ ನಡೆದುಕೊಂಡು ಹೋಗಿ ಬರೋಣ" ಅಂತ ಹೋಗಿ ನೀರಿಗೆ ಇಳಿಯಬೇಡಿ.

ನವನಗರದಾಕಿ

ಅಕ್ಕಾರ, ಕಾಸರಕೋಡ ಅನ್ನೂ ಹೆಸರು ಕೇಳಿದ್ರ ನಮ್ಮ ಯಜಮಾನರು "ಅದು ಕೇರಳದಾಗ ಐತೆಲ್ಲಾ" ಅಂದ್ರು. ಆಮ್ಯಾಲೆ ನಕಾಶಿ ತಗದು ತೋರಿಸಿದೆ. ಆದ್ರ ಅತ್ತಿಯಾರ ಗೋಕರ್ಣ ತಪ್ಪಂಗಿಲ್ಲ.

ಗದುಗಿನ ಈಜುಮಾಸ್ತರ

ಈಜುಕೊಳದಲ್ಲಿ ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ಆದ್ದರಿಂದ ನಿಮ್ಮ ಮಾವನವರ ವಿಷಯ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಉದ್ದ ಆದರೆ ಕ್ಷಮಿಸಿ.

ನಮ್ಮ ಕಡೆ ಈಜು ಕಲಿತವರೆಲ್ಲ ಬಾವಿಯಲ್ಲೋ ಹೊಳೆಯಲ್ಲೋ ಕಲಿತವರು. ಬೆನ್ನಿಗೆ ಸೋರೆಬುರುಡೆ ಕಟ್ಟಿ ಹಿರಿಯರು ಬಾವಿಗೆ ದೂಡಿದರೆ ಮೂರನೇ ದಿನಕ್ಕೆ ಈಜು ಬಂತು. ಆದರೆ ಬಾವಿಯಲ್ಲಿ ನಾಲ್ಕು ಕೈ ಹಾಕಿದರೆ ಕಲ್ಲು ಸಿಗುತ್ತದೆ. ಹೊಳೆಯಲ್ಲಿ ಸೆಳವು ಒಂದೇ ದಿಕ್ಕಿಗೆ. ಅಡ್ಡ ಈಜುತ್ತಾ ಸ್ವಲ್ಪ ಕೆಳಗೆ ಹೋಗಿಯಾದರೂ ದಂಡೆ ಮುಟ್ಟುತ್ತೀರಿ. ತುಂಗಭದ್ರಾ ದಾಟಿದವರ ಮೈಗೆ ಗೊತ್ತಿರುವುದು ಇದು: ದಂಡೆ ನೋಡು, ಜೋರಾಗಿ ಈಜು. ಕಡಲಲ್ಲಿ ರಿಪ್ ಕರೆಂಟಿಗೆ ಸಿಕ್ಕವರು ಮಾಡಬಾರದ್ದೂ ಅದೇ.

ಅದು ಆಗುವುದು ಹೀಗೆ. ತೆರೆಗಳು ನೀರನ್ನು ದಂಡೆಗೆ ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ಹಿಂದಕ್ಕೆ ಹೋಗಬೇಕಲ್ಲ. ದಂಡೆಯ ಮುಂದೆ ನೀರಿನ ಅಡಿ ಉಸುಕಿನ ದಿಬ್ಬ ಇರುತ್ತದೆ, ದಿಬ್ಬ ಎಲ್ಲಿ ತಗ್ಗಾಗಿ ಕಡಿದಿದೆಯೋ ಅಲ್ಲಿಂದ ಎಲ್ಲಾ ನೀರು ನುಗ್ಗುತ್ತದೆ. ಮಾಳಿಗೆ ಮೇಲೆ ಬಿದ್ದ ಮಳೆಯೆಲ್ಲ ಒಂದೇ ಹರನಾಳಿಗೆಯಿಂದ ಧುಮುಕಿದ ಹಾಗೆ. ಅಗಲ ಸಾಮಾನ್ಯವಾಗಿ 10ರಿಂದ 30 ಮೀಟರ್. ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ಮುಟ್ಟುತ್ತದೆ. ಜಗತ್ತಿನ ಅತಿ ವೇಗದ ಈಜುಗಾರ 50 ಮೀಟರಿಗೆ ಸುಮಾರು 21 ಸೆಕೆಂಡ್ ತೆಗೆದುಕೊಳ್ಳುತ್ತಾನೆ, ಅದೂ ಈಜುಕೊಳದಲ್ಲಿ. ಲೆಕ್ಕ ನೀವೇ ಹಾಕಿ. ಎದುರು ಈಜಿ ಗೆದ್ದವರಿಲ್ಲ, ದಣಿದು ಮುಳುಗಿದವರಿದ್ದಾರೆ.

ಆದರೆ ಅದು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಉಸುಕಿನ ದಿಬ್ಬ ದಾಟಿದ ಮೇಲೆ ಅದರ ಜೋರು ಸತ್ತುಹೋಗುತ್ತದೆ. ಸಿಕ್ಕವರು ಅಂಗಾತ ಮಲಗಿ ತೇಲಬೇಕು, ಉಪ್ಪುನೀರು ಹೊಳೆಯ ನೀರಿಗಿಂತ ಚೆನ್ನಾಗಿಯೇ ಎತ್ತಿ ಹಿಡಿಯುತ್ತದೆ. ಒಂದು ಕೈ ಎತ್ತಿ ಬೀಸಬೇಕು. ಕಸುವು ಇದ್ದರೆ ದಂಡೆಗೆ ಸಮಾಂತರವಾಗಿ, ಎಡಕ್ಕೋ ಬಲಕ್ಕೋ ಈಜಿ, ತೆರೆ ಒಡೆಯುವ ಕಡೆ ಬಂದು ತೆರೆಯ ಜೊತೆ ವಾಪಸಾಗಬೇಕು.

ದಂಡೆಯಿಂದ ಗುರುತು ಹಿಡಿಯಬಹುದು. ಎರಡೂ ಕಡೆ ಬಿಳಿ ನೊರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ, ಸುಮ್ಮನೆ ಇದ್ದರೆ ಅದೇ. ನೊರೆ, ಕಸ, ಕದಡಿದ ಉಸುಕು ಒಳಗಿನಿಂದ ಹೊರಗೆ ಹೊರಟಿದ್ದರೆ ಅದೇ. ಇಳಿಯುವ ಮೊದಲು ಒಂದು ಹತ್ತು ಹದಿನೈದು ನಿಮಿಷ ಸುಮ್ಮನೆ ನಿಂತು ನೋಡಿ. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ, ಎರಡು ನಿಮಿಷ ನೋಡಿದವರಿಗೆ ಕಾಣುವುದು ನಡುವಿನ ಬಿಡುವು ಅಷ್ಟೇ.

ಬುಲೆಟ್ ಸವಾರ

ಸರ, ನಿಮ್ಮ ಮಾತು ಬರೋಬ್ಬರಿ ಇರಬಹುದು, ಆದ್ರ ಇಷ್ಟೆಲ್ಲಾ ಹೆದರಿಸಿದ್ರ ಮಂದಿ ಉಣಕಲ್ ಕೆರಿ ದಂಡಿಗೂ ಹೋಗೂದಿಲ್ಲ. ಲಕ್ಷಾಂತರ ಮಂದಿ ಹೋಗಿ ಬರ್ತಾರ. ಮುರುಡೇಶ್ವರದಾಗ ಮೊಣಕಾಲು ನೀರಿಗಿಳಿದ್ರೂ ಸೀಟಿ ಊದ್ತಾರ, ದುಡ್ಡು ಕೊಟ್ಟು ಹೋಗಿ ಕಾಲು ತೊಯ್ಸಿಕೊಂಡು ಬರೂದೇನು?

ಕುಮಟಾದ ಮಗಳು

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಅದೇ ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ಕೋಲಾರ ಜಿಲ್ಲೆಯಿಂದ ಬಂದ ಮಕ್ಕಳು. ಅದಾದ ಮೇಲೆ ಕೆಲದಿನ ಬೀಚ್‌ಗೆ ಯಾರನ್ನೂ ಬಿಡಲಿಲ್ಲ. ಈಗ ಸೀಟಿ ಜಾಸ್ತಿ ಕೇಳಿಸುತ್ತದೆ ಅಂದರೆ ಅದಕ್ಕೆ ಕಾರಣ ಇದೆ. ಸೀಟಿ ಊದುವ ಹುಡುಗರಲ್ಲಿ ಬಹಳ ಮಂದಿ ಮೀನುಗಾರರ ಮನೆಯವರು. ಘಟ್ಟದ ಮೇಲಿನ ಮಂದಿಯಿಂದ ಬೈಸಿಕೊಂಡೂ ಬಿಸಿಲಲ್ಲಿ ನಿಲ್ಲುತ್ತಾರೆ. ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ ತಮ್ಮಾ.

ಬುಲೆಟ್ ಸವಾರ

ಜಗಳ ಅಲ್ರೀ ಅಕ್ಕಾರ. ಆತು, ಹಾಫ್ ಮೂನ್ ಮಾತು ವಾಪಸ್ ತಗೊಂಡೆ. ಮಕ್ಕಳನ್ನ ಕರಕೊಂಡು ಅಲ್ಲೆ ಬ್ಯಾಡ.

ಹಾವೇರಿಯ ನಿವೃತ್ತ ಮೇಷ್ಟ್ರು

ಭೂಗೋಳ ಪಾಠ ಮಾಡಿದವನಾದ್ದರಿಂದ ಒಂದೆರಡು ಮಾತು ಸೇರಿಸುತ್ತೇನೆ. ಹೊರಡುವ ಮುಂಚೆ ಪಂಚಾಂಗ ನೋಡಿ, ಮುಹೂರ್ತಕ್ಕಲ್ಲ, ತಿಥಿಗೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸು ಉಬ್ಬರ ಇಳಿತಗಳ ಅಂತರ ಹೆಚ್ಚು. ಕಾರವಾರದ ಕಡೆ ಆಗ ನೀರು ಸುಮಾರು 2 ಮೀಟರಿನವರೆಗೆ ಏರಿಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಅಂತರ ಬಹಳ ಕಡಿಮೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಮರುದಿನ ಸುಮಾರು 50 ನಿಮಿಷ ತಡ. ಈಜುಮಾಸ್ತರು ಹೇಳಿದ ಸೆಳವು ಇಳಿತದ ಹೊತ್ತಿನಲ್ಲಿ ಜೋರಾಗುತ್ತದೆ, ಏಕೆಂದರೆ ದಿಬ್ಬದ ಮೇಲೆ ನೀರು ತೆಳುವಾಗಿ, ಹಿಂದಕ್ಕೆ ಹೋಗುವ ನೀರೆಲ್ಲ ಆ ಕಡಿತದಲ್ಲೇ ತೂರಬೇಕಾಗುತ್ತದೆ.

ಇದರಲ್ಲಿ ನಮ್ಮವರು ಗಮನಿಸದ ಸಂಗತಿ ಒಂದಿದೆ. ಮಹಾಶಿವರಾತ್ರಿ ಬರುವುದು ಬಹುಳ ಚತುರ್ದಶಿ, ಮರುದಿನವೇ ಅಮಾವಾಸ್ಯೆ. ಗೋಕರ್ಣಕ್ಕೆ ಅತಿ ಹೆಚ್ಚು ಮಂದಿ ಬಂದು ಕಡಲಿಗಿಳಿಯುವ ದಿನವೂ, ನೀರಿನ ಏರಿಳಿತ ದೊಡ್ಡದಾಗಿರುವ ದಿನವೂ ಒಂದೇ ಕಡೆ ಕೂಡುತ್ತವೆ. ಶಿವರಾತ್ರಿಯಲ್ಲಿ ಸ್ನಾನಕ್ಕೆ ಹೋಗುವವರು ಇದನ್ನು ಮನಸ್ಸಿನಲ್ಲಿಡಲಿ. ನೀವು ಜನವರಿಯಲ್ಲಿ ಹೋಗುತ್ತಿದ್ದೀರಿ, ತಿಂಗಳು ಒಳ್ಳೆಯದು, ಕಡಲು ಶಾಂತವಾಗಿರುವ ಕಾಲ. ಏಪ್ರಿಲ್ ಮೇನಲ್ಲಿ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಉಬ್ಬುತೆರೆಗಳು ಇಲ್ಲಿ ಗಾಳಿಯೇ ಇಲ್ಲದಾಗಲೂ ದಂಡೆಗೆ ನುಗ್ಗುವುದುಂಟು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅದರ ಮುನ್ನೆಚ್ಚರಿಕೆ ಕೊಡುತ್ತದೆ, ಜಾಲತಾಣದಲ್ಲಿ ಯಾರೂ ನೋಡಬಹುದು. ಜೂನ್ ಜುಲೈಯಲ್ಲಿ ಯಂತ್ರದ ದೋಣಿಗಳಿಗೇ ಮೀನುಗಾರಿಕೆ ನಿಷೇಧ, ಆಗ ಪ್ರವಾಸಿಗರ ಮಾತು ಏಕೆ.

ಇನ್ನು ಗಾಳಿ. ಚಳಿಗಾಲದ ಬೆಳಗ್ಗೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನದ ನಂತರ ಕಡಲಿನಿಂದ ನೆಲಕ್ಕೆ. ಬೆಳಗ್ಗೆ ನೀರು ನಯವಾಗಿರುತ್ತದೆ, ಸ್ನಾನಕ್ಕೆ ಅದೇ ಹೊತ್ತು ಚೆನ್ನ. ಆದರೆ ಮಕ್ಕಳಿಗೆ ಗಾಳಿ ತುಂಬಿದ ಟ್ಯೂಬು, ಬಾತುಕೋಳಿ, ಹಾಸಿಗೆ ಇಂಥವನ್ನು ಕೊಟ್ಟರೆ ಆ ಗಾಳಿ ಅವನ್ನು ಮಗುವಿನ ಸಮೇತ ಹೊರಗೆ ದೂಡುತ್ತದೆ. ಅವನ್ನು ಮನೆಯಲ್ಲೇ ಬಿಟ್ಟು ಹೋಗಿ.

ನವನಗರದಾಕಿ

ಮೇಷ್ಟ್ರ, ಮಗ ಆನ್‌ಲೈನ್‌ದಾಗ ಮೊನ್ನೆ ಅಂಥಾದ ಒಂದು ಫ್ಲೆಮಿಂಗೋ ತರಿಸ್ಯಾನ. ಅದನ್ನ ಅಟ್ಟಕ್ಕ ಒಗೀತೀನಿ ಈಗ.

ಎಲ್ಲಾ ತಿಳೀತು. ಆದ್ರ ಮಾವನಾರಿಗೆ ಹೇಳಾವರು ಯಾರು? ಸೊಸಿ ಆಗಿ ನಾ "ನೀವು ಇಳೀಬ್ಯಾಡ್ರಿ" ಅನ್ನಾಕ ಆಗೂದಿಲ್ಲ. ಮಗ ಹೇಳಿದ್ರ ಇನ್ನೂ ಹಠ ಮಾಡ್ತಾರ.

ಗದುಗಿನ ಈಜುಮಾಸ್ತರ

ಬ್ಯಾಡ ಅನ್ನಲೇಬೇಡಿ. ಈಜುವವನಿಗೆ ಬ್ಯಾಡ ಅಂದರೆ ಅದು ಸವಾಲು. ದಂಡೆಗೆ ಹೋದ ಕೂಡಲೇ ಜೀವರಕ್ಷಕನ ಹತ್ತಿರ ಅವರನ್ನೇ ಕಳಿಸಿ: "ಮಾವಾರ, ನಮಗ ತಿಳಿಯೂದಿಲ್ಲ, ಇಲ್ಲೆ ಸೆಳವು ಎಲ್ಲೈತಿ ಅಂತ ನೀವ ಕೇಳಿ ಬರ್ರಿ" ಅಂತ. ನೀರು ಬಲ್ಲವರು ನೀರು ಬಲ್ಲವರ ಜೊತೆ ಮಾತಾಡಿದರೆ ಕೇಳುತ್ತಾರೆ. ಆಮೇಲೆ ಮೊಮ್ಮಕ್ಕಳ ಜವಾಬ್ದಾರಿ ಅವರಿಗೇ ಒಪ್ಪಿಸಿ. ಸೊಂಟದ ಮಟ್ಟದ ನೀರಲ್ಲಿ ಕಡಲಿನ ಕಡೆಗೆ ಅವರು, ದಂಡೆಯ ಕಡೆಗೆ ಮಕ್ಕಳು. ಹುಡುಗರನ್ನು ಬಿಟ್ಟು ಅವರು ಮುಂದೆ ಹೋಗುವುದಿಲ್ಲ.

ಅವರಿಗೆ ಬಾವುಟದ ಅರ್ಥವೂ ಗೊತ್ತಿರಲಿ. ಮೇಲೆ ಕೆಂಪು ಕೆಳಗೆ ಹಳದಿ ಇರುವ ಎರಡು ಬಾವುಟ ನೆಟ್ಟಿದ್ದರೆ ಅವುಗಳ ನಡುವೆ ಈಜು, ಅಲ್ಲಿ ರಕ್ಷಕರ ಕಣ್ಣಿದೆ ಎಂದರ್ಥ. ಬರೀ ಹಳದಿ ಇದ್ದರೆ ಎಚ್ಚರ. ಒಂದು ಕೆಂಪು ಇದ್ದರೆ ಕಡಲು ಕೆಟ್ಟಿದೆ. ಎರಡು ಕೆಂಪು ಅಂದರೆ ಕಾಲೂ ಇಡಬೇಡಿ. ನೇರಳೆ ಬಣ್ಣದ್ದು ಕಂಡರೆ ನೀರಲ್ಲಿ ಅಂಬಲಿ ಮೀನು, ಜೆಲ್ಲಿ ಫಿಶ್ ಅಂತಾರಲ್ಲ, ಅಂಥವು ಇವೆ ಅಂತ.

ಹಳೇಹುಬ್ಬಳ್ಳಿ ಮಾವಶಿ

ಗಂಡಸರೆಲ್ಲಾ ಸೆಳವು ಗಾಳಿ ಅಂತ ಬರದ್ರಿ, ಅರಿವಿ ಮಾತು ಯಾರೂ ತಗೀಲಿಲ್ಲ. ನಮ್ಮ ಹೆಣ್ಣಮಕ್ಕಳು ಆರು ಗಜದ ಸೀರಿ ಉಟ್ಟು ಸಮುದ್ರಕ್ಕ ಇಳೀತಾರ. ತೊಯ್ದ ಸೀರಿ ಕಾಲಿಗೆ ಸುತ್ತಿಕೊಂಡ್ರ ಮೊಣಕಾಲು ನೀರಾಗೂ ಏಳಾಕ ಆಗೂದಿಲ್ಲ. ಚೂಡಿದಾರದ ವೇಲ್ ಅಂತೂ ಕೊಳ್ಳಿಗೇ ಬರ್ತೈತಿ. ಸೊಸಿ, ನೀ ಮತ್ತ ಮಗಳು ಲೆಗ್ಗಿನ್ಸು, ಮೈಗೆ ಹತ್ತೂ ಟೀ ಶರ್ಟು ಹಾಕ್ರಿ, ಯಾರೇನ ಅಂದ್ರೂ ಅನ್ನಲಿ.

ಅತ್ತಿಗೆ ಸೀರಿ ಬಿಡು ಅನ್ನಾಕ ಆಗೂದಿಲ್ಲ, ನನಗ ಗೊತ್ತೈತಿ. ಆಕಿಗೆ ಕಚ್ಚಿ ಹಾಕಿ ಸೆರಗು ಬಿಗಿದು ಸೊಂಟಕ್ಕ ಸಿಗಿಸಿ, ಪಾದ ಮುಳುಗೂ ನೀರಾಗ ಒಬ್ಬರು ಕೈ ಹಿಡಕೊಂಡು ನಿಲ್ಲಿಸ್ರಿ. ತಂಬಿಗಿಯಿಂದ ನೀರು ತಲಿ ಮ್ಯಾಲೆ ಹಾಕ್ರಿ, ಸ್ನಾನ ಆತು. ಮುಳುಗು ಹಾಕಿದ್ರನ ಪುಣ್ಯ ಅಂತ ಯಾರಾರ ಅಂದ್ರ ನನ್ನ ಹೆಸರು ಹೇಳ್ರಿ. ಮತ್ತ ಫೋಟೋ ತಗ್ಯಾವರು "ಈ ಕಡೆ ತಿರಗ್ರಿ" ಅಂದ್ರ ಸಮುದ್ರಕ್ಕ ಬೆನ್ನು ಹಾಕಿ ನಿಲ್ಲೂದು ಬ್ಯಾಡ. ಬರೂ ತೆರಿ ಕಾಣಬೇಕು.

ನವನಗರದಾಕಿ

ಮಾವಶಿ, ಇದನ್ನ ಹಂಗ ಓದಿ ಹೇಳಿದೆ. ಅತ್ತಿಯಾರು "ತಂಬಿಗಿ ನಂದ ತರ್ತೀನಿ" ಅಂದ್ರು. ಅರ್ಧಾ ಕೆಲಸ ಮುಗೀತು.

ಕುಮಟಾದ ಮಗಳು

ನೀರಿನ ಆಟಗಳ ಬಗ್ಗೆ ಹೇಳುತ್ತೇನೆ. ಒಂಬತ್ತರ ಹುಡುಗನಿಗೆ ತೆರೆ ಇರುವ ಕಡಲಿಗಿಂತ ಶರಾವತಿಯ ಹಿನ್ನೀರು ಸಾವಿರ ಪಾಲು ವಾಸಿ. ಹೊನ್ನಾವರದಲ್ಲಿ ದೋಣಿ ಸಿಗುತ್ತದೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹೋಗಿ ಬರಬಹುದು, ಕಯಾಕ್ ಕೂಡ ಇದೆ. ಕಾಂಡ್ಲಾದ ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ, ಅತ್ತೆಮಾವನವರು ಅಲ್ಲಿ ಆರಾಮಾಗಿ ನಡೆಯಬಹುದು.

ಕಡಲಲ್ಲೇ ಆಡಿಸುವುದಾದರೆ ಬನಾನಾ ಬೋಟಿನವರಿಗೆ ಹತ್ತುವ ಮುಂಚೆಯೇ "ಬೀಳಿಸಬೇಡಿ" ಅಂತ ಹೇಳಿ. ಕೊನೆಗೆ ಬೇಕೆಂದೇ ತಿರುಗಿಸಿ ನೀರಿಗೆ ಕೆಡವುವುದೇ ಅದರ ಮಜಾ ಅಂತ ಅವರ ಲೆಕ್ಕ. ಅವರು ಕೊಡುವ ಲೈಫ್ ಜಾಕೆಟ್ ಬಹುಪಾಲು ದೊಡ್ಡವರ ಅಳತೆಯದು. ಮಗನಿಗೆ ಹಾಕಿ ಬಕಲು ಬಿಗಿದು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿಯ ತನಕ ಏರಿದರೆ ನೀರಲ್ಲಿ ಅದೊಂದೇ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಬೇರೆ ಅಳತೆ ಕೇಳಿ, ಇಲ್ಲ ಅಂದರೆ ಆಟ ಬೇಡ.

ಪ್ಯಾರಾಸೇಲಿಂಗ್ ನನಗೆ ಅಷ್ಟು ಮನಸ್ಸಿಲ್ಲ. ಗಾಳಿ ಸ್ವಲ್ಪ ಹೆಚ್ಚಾದರೂ, ಹಗ್ಗ ಹಳೆಯದಾದರೂ ಅದರಲ್ಲಿ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮಧ್ಯಾಹ್ನದ ಗಾಳಿಯಲ್ಲಿ ಬೇಡವೇ ಬೇಡ. ಮಗಳು ಬಿಡದಿದ್ದರೆ ಬೆಳಗ್ಗೆ, ಪರವಾನಗಿ ಹಾಕಿಟ್ಟ ಕೌಂಟರಿನಲ್ಲಿ ರಸೀದಿ ಪಡೆದು. ದಂಡೆಯಲ್ಲಿ ಬೆನ್ನು ಹತ್ತಿ "ಕಡಿಮೆಗೆ ಕೊಡ್ತೇವೆ" ಅನ್ನುವವರ ಹತ್ತಿರ ಬೇಡ. ಜೆಟ್ ಸ್ಕೀ ಆದರೆ ಓಡಿಸುವವರ ಹಿಂದೆ ಕೂತು ಒಂದು ಸುತ್ತು, ಅಷ್ಟೇ. ಅದು ಓಡಾಡುವ ಕಡೆ ಈಜಬೇಡಿ.

ಬುಲೆಟ್ ಸವಾರ

ನಾವೂ ಅದ ವಾರ ಹೊಂಟೀವಿ, ನಾಲ್ಕು ಮಂದಿ ದೋಸ್ತರು, ಮುರುಡೇಶ್ವರದ ಕಡಲೊಳಗಿನ ನೇತ್ರಾಣಿ ದ್ವೀಪಕ್ಕ, ಸ್ಕೂಬಾ ಡೈವಿಂಗಿಗೆ. ಮುಂಜಾನೆ ಎರಡು ಡೈವ್ ಹೊಡದು, ಮುರುಡೇಶ್ವರದಾಗ ಊಟ ಮಾಡಿ, ರಾತ್ರಿ ಹುಬ್ಬಳ್ಳಿ. ಯಾರಾರ ಮಾಡೀರೇನು?

ವಿದ್ಯಾಗಿರಿ ಡಾಕ್ಟರು

ತಮ್ಮಾ, ಡೈವ್ ಮಾಡ್ರಿ, ರಾತ್ರಿ ಹುಬ್ಬಳ್ಳಿ ಮಾತ್ರ ಬ್ಯಾಡ. ಇದನ್ನ ಭಾಳ ಮಂದಿ ವಿಚಾರನ ಮಾಡೂದಿಲ್ಲ. ನೀರಿನ ಒತ್ತಡದಾಗ ಉಸಿರಾಡಿದಾಗ ರಕ್ತದಾಗ ಸಾರಜನಕ ಹೆಚ್ಚು ಕರಗಿರ್ತದ. ಅದು ಮೆಲ್ಲಕ ಹೊರಗ ಹೋಗಲಿಕ್ಕೆ ಹೊತ್ತು ಬೇಕು. ಅಷ್ಟರಾಗ ಗಾಳಿಯ ಒತ್ತಡ ಕಡಿಮಿ ಇರೂ ಎತ್ತರಕ್ಕ ಹೋದ್ರ ಗುಳ್ಳಿ ಕಟ್ಟತದ, ಕೀಲುನೋವಿನಿಂದ ಹಿಡದು ಲಕ್ವಾದ ತನಕ ಹೋಗಬಹುದು. ವಿಮಾನ ಹತ್ತಬಾರದು ಅಂತ ಡೈವಿಂಗ್ ಕಲಿಸಾವರು ಹೇಳ್ತಾರ. ಒಂದ ಡೈವ್ ಆಗಿದ್ರ ಕನಿಷ್ಠ 12 ತಾಸು, ಒಂದಕ್ಕಿಂತ ಹೆಚ್ಚಾದ್ರ 18. ಈ ಲೆಕ್ಕ ಶುರುವಾಗೂದು ಸುಮಾರು 600 ಮೀಟರ್ ಎತ್ತರದಿಂದ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮ್ಯಾಲೆ ಅದ, ನಮ್ಮ ಧಾರವಾಡ 700 ದಾಟತದ. ಕಾರಿನ್ಯಾಗ ಕೂತೇ ವಿಮಾನದ ಎತ್ತರದ ಲೆಕ್ಕಕ್ಕ ಬರ್ತೀರಿ. ಅವತ್ತು ರಾತ್ರಿ ಅಲ್ಲೇ ಉಳೀರಿ, ಮರುದಿನ ಮಧ್ಯಾಹ್ನ ಘಟ್ಟ ಹತ್ತರಿ. ನೆಗಡಿ, ಕಿವಿನೋವು, ದಮ್ಮು ಇದ್ದವರು ಡೈವ್ ಮಾಡಬ್ಯಾಡ್ರಿ, ಫಾರ್ಮಿನ್ಯಾಗ ಮುಚ್ಚಿಡಬ್ಯಾಡ್ರಿ.

ನವನಗರದ ತಂಗಿ, ನಿಮಗ ಎರಡು ಮಾತು. ಮಾವನಾರಿಗೆ ಬಿಪಿ, ಎದಿ ತ್ರಾಸು ಏನರ ಇದ್ರ ಹೊರಡೂ ಮುಂಚೆ ಒಮ್ಮೆ ತೋರಿಸ್ರಿ, 64 ಅಂದ್ರ ತೆರಿಯೊಳಗ ಈಜೂದು ಸಣ್ಣ ಶ್ರಮ ಅಲ್ಲ. ಎರಡನೇದು, ಮುಳುಗತಿರೋ ಮನಿಷಾ ಕೂಗೂದಿಲ್ಲ. ಬಾಯಿ ನೀರಿನ ಮಟ್ಟಕ್ಕ ಇರ್ತದ, ಕೈ ನೀರನ್ನ ಒತ್ತತಿರ್ತಾವ, ದೂರದಿಂದ ಆಟ ಆಡಿದಂಗ ಕಾಣ್ತದ. ಅದಕ್ಕ ಮಕ್ಕಳು ನೀರಾಗ ಇದ್ದಾಗ ಒಬ್ಬರು ಮೊಬೈಲ್ ಕೆಳಗಿಟ್ಟು ಅವರನ್ನಷ್ಟ ನೋಡ್ತಿರಬೇಕು.

ಯಾರನ್ನಾದ್ರೂ ಹೊರಗ ತಂದಾಗ ಹೊಟ್ಟಿ ಒತ್ತಿ ನೀರು ತಗಿಯೂದು, ತಲಿಕೆಳಗ ಮಾಡಿ ತಿರಗಿಸೂದು ನಮ್ಮ ಕಡೆ ಇನ್ನೂ ನಡೀತದ. ಮಾಡಬ್ಯಾಡ್ರಿ, ಹೊಟ್ಯಾಗಿಂದು ಪುಪ್ಪುಸಕ್ಕ ಹೋಗ್ತದ. ಉಸಿರು ಇಲ್ಲಾಂದ್ರ ಮೊದಲ ಬಾಯಿಂದ ಬಾಯಿಗೆ ಉಸಿರು ಕೊಟ್ಟು, ಆಮ್ಯಾಲೆ ಎದಿ ನಡುವ 30 ಸಲ ಜೋರಾಗಿ ಒತ್ತೂದು, 2 ಉಸಿರು, ಹಿಂಗ ನಿಲ್ಲಿಸದ. ಅಷ್ಟರಾಗ ಒಬ್ಬರು 112ಕ್ಕ ಇಲ್ಲಾ 108ಕ್ಕ ಫೋನ್ ಮಾಡಬೇಕು. ಕಡಲೊಳಗ ಸಿಕ್ಕಿಕೊಂಡವರಿಗೆ ಕರಾವಳಿ ರಕ್ಷಣಾ ಪಡೆಯ 1554 ಅದ. ನೀರು ಕುಡದು ಎದ್ದು ಕೂತು ಆರಾಮ ಇದ್ದೀನಿ ಅಂದವರನ್ನೂ ಆಸ್ಪತ್ರಿಗೆ ಒಯ್ಯರಿ, ತ್ರಾಸು ತಾಸುಗಟ್ಟಲೆ ತಡ ಮಾಡಿ ಬರಬಹುದು. ಕುಮಟಾ, ಹೊನ್ನಾವರ, ಭಟ್ಕಳದಾಗ ತಾಲೂಕಾ ಆಸ್ಪತ್ರಿ ಅವ. ದೊಡ್ಡದು ಬೇಕಂತ ಆ ಜಿಲ್ಲೆಯವರು ವರ್ಷಗಟ್ಟಲೆ ಕೇಳ್ತಾನ ಬಂದಾರ, ಗಂಭೀರ ಆದ್ರ ಮಣಿಪಾಲಕ್ಕೋ ಗೋವಾಕ್ಕೋ ನಮ್ಮ ಹುಬ್ಬಳ್ಳಿಗೋ ಓಡಬೇಕು. ಅದಕ್ಕ ರಕ್ಷಕರು ಇರೂ ಕಡೆನ ಇಳೀರಿ ಅನ್ನೂದು.

ಅಂಬಲಿ ಮೀನು ತಾಗಿದ್ರ ಉಪ್ಪುನೀರಿನಿಂದನ ತೊಳೀರಿ, ಸಿಹಿನೀರು ಹಾಕಬ್ಯಾಡ್ರಿ, ಉಸುಕು ಹಚ್ಚಿ ತಿಕ್ಕಬ್ಯಾಡ್ರಿ.

ಬುಲೆಟ್ ಸವಾರ

ಡಾಕ್ಟರ ಸಾಹೇಬ್ರ, ಇದನ್ನ ಯಾರೂ ಹೇಳಿರಲಿಲ್ಲ. ರೂಮು ಬುಕ್ ಮಾಡಿದೆ ಈಗ.

ಪೇಡೆ ಪ್ರಿಯ

ರೂಮಿನ ಖರ್ಚು ನಿಮ್ಮ ಮನ್ಯಾಗ ಡಾಕ್ಟರ ಹೆಸರಿಗೆ ಹಚ್ಚು.

ದಾರಿ ಬಗ್ಗೆ: ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಶಿರಸಿ ಮ್ಯಾಲೆ ದೇವಿಮನಿ ಘಟ್ಟದಿಂದ ಕುಮಟಾಕ್ಕ ಇಳೀಬೇಕಂದ್ರ ರಸ್ತೆ ಕೆಲಸದ ಸ್ಥಿತಿ ಹೊರಡೂ ಮುಂಚೆ ವಿಚಾರಿಸ್ರಿ. ಅರಬೈಲಿನ್ಯಾಗ ಲಾರಿ ಸಾಲು ಇರ್ತೈತಿ, ಹುಬ್ಬಳ್ಳಿ ನಸುಕಿನ್ಯಾಗ ಬಿಡ್ರಿ. ಹುಬ್ಬಳ್ಳಿ–ಅಂಕೋಲಾ ರೈಲು ಬಂದ ಮ್ಯಾಲೆ ಹೋಗೂಣು ಅಂತ ಕುಂತ್ರ ನಿಮ್ಮ ಮಗ ತನ್ನ ಮಕ್ಕಳನ್ನ ಕರಕೊಂಡು ಹೋಗ್ತಾನ.

ಕುಮಟಾದ ಮಗಳು

ಊಟಕ್ಕೆ ಮುಂಚೆ ಈಜು, ಆಮೇಲೆ ಊಟ. ಕುಮಟಾದಲ್ಲಿ ಮೀನೂಟ ಮಾಡಿದ ಮೇಲೆ ಯಾರಿಗೂ ನೀರಿಗಿಳಿಯುವ ಮನಸ್ಸು ಆಗುವುದಿಲ್ಲ, ಅದೂ ಒಂದು ಸುರಕ್ಷತೆಯೇ.

ನವನಗರದಾಕಿ

ಈಗ ಹಿಂಗ ಠರಸೇವಿ. ಮೊದಲ ದಿನ ಗೋಕರ್ಣ, ಮಧ್ಯಾಹ್ನ ಹೊತ್ತಿಗೆ ಹೋಗಿ ದರ್ಶನ, ರಾತ್ರಿ ಅಲ್ಲೆ. ಮರುದಿನ ಮುಂಜಾನೆ ಅತ್ತಿಯಾರ ತಂಬಿಗಿ ಸ್ನಾನ, ಆಮ್ಯಾಲೆ ಹೊನ್ನಾವರ. ಅವತ್ತು ಹಿನ್ನೀರಿನ ದೋಣಿ, ಕಯಾಕ್. ಮೂರನೇ ದಿನ ಮುಂಜಾನೆ ಕಾಸರಕೋಡದಾಗ ಬಾವುಟದ ನಡುವ ಈಜು, ಬನಾನಾ ಬೋಟು ಸಿಕ್ಕರ ಬೀಳಿಸದಂಗ ಒಂದು ಸುತ್ತು. ಪ್ಯಾರಾಸೇಲಿಂಗ್ ಕ್ಯಾನ್ಸಲ್, ಮಗಳು ಮಾತು ಬಿಟ್ಟಾಳ. ಮುರುಡೇಶ್ವರ ಹೊತ್ತು ಉಳದ್ರ ಗುಡಿ ಅಷ್ಟ.

ಮಾವನಾರಿಗೆ ಈಜುಮಾಸ್ತರು ಬರದಿದ್ದು ಪೂರಾ ಓದಿ ಹೇಳಿದೆ. "ಹೊಳಿ ಬ್ಯಾರೆ, ಸಮುದ್ರ ಬ್ಯಾರೆ ಅಂತ ನನಗೇನ ಗೊತ್ತಿಲ್ಲೇನು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆ ಕಪ್ಪು ಪಟ್ಟಿ ಹೆಂಗಿರತೈತಿ ಅಂತ ಯೂಟ್ಯೂಬಿನ್ಯಾಗ ತೋರಸು" ಅಂದ್ರು.

ಒಂದ ಪ್ರಶ್ನೆ ಉಳದೈತಿ. ಹೊರಡಾಕ ಇನ್ನೂ ಮೂರು ವಾರ ಐತಿ. ಅಷ್ಟರಾಗ ಮಕ್ಕಳಿಗೆ ಈಜು ಕಲಸಾಕ ಆಗತೈತೇನು?

ಗದುಗಿನ ಈಜುಮಾಸ್ತರ

ಮೂರು ವಾರದಲ್ಲಿ ಈಜು ಬರುತ್ತದೆ ಅಂತ ಯಾರಾದರೂ ಹೇಳಿದರೆ ಫೀಸು ಕೊಡಬೇಡಿ. ಆದರೆ ಅಂಗಾತ ತೇಲುವುದು ಬರುತ್ತದೆ. ಹತ್ತಿರದ ಈಜುಕೊಳದಲ್ಲಿ ಬರೀ ಅದನ್ನೇ ಹೇಳಿಕೊಡಿ ಅಂತ ಕೇಳಿ: ಕಿವಿ ನೀರಲ್ಲಿ, ಗದ್ದ ಮೇಲೆ, ಹೊಟ್ಟೆ ಮೇಲೆ, ಗಾಬರಿಯಾಗದೆ ಎರಡು ನಿಮಿಷ. ಸಾಧ್ಯವಾದರೆ ನೀವಿಬ್ಬರೂ ಕಲಿಯಿರಿ. ತೇಲಲು ಬಂದ ಮಾತ್ರಕ್ಕೆ ಜಾಕೆಟ್ ಬಿಚ್ಚುವ ಹಾಗಿಲ್ಲ.

ಹಳೇಹುಬ್ಬಳ್ಳಿ ಮಾವಶಿ

ಜಾಕೆಟ್ ಅಂದ ಕೂಡಲೇ ನೆನಪಾತು. ನನ್ನ ಮೊಮ್ಮಗಂದು ಸಣ್ಣ ಅಳತಿದು ಒಂದೈತಿ, ಕಾಲ ನಡುವಿನ ಪಟ್ಟಿ ಸುದ್ದಾ ಐತಿ. ಅವಂಗ ಈಗ ಹನ್ನೊಂದು, ಬರೂದಿಲ್ಲ. ಮೆಸೇಜ್ ಹಾಕು, ರವಿವಾರ ಬಂದು ಒಯ್ಯಿ. ಹುಡುಗನ್ನೂ ಕರಕೊಂಡ ಬಾ, ಹಾಕಿ ಎತ್ತಿ ನೋಡೂಣು.

ನವನಗರದಾಕಿ

ಬರ್ತೀನಿ ಮಾವಶಿ. ಮಗಂದು ತೂಕ 27 ಕಿಲೋ ಐತಿ, ಜಾಕೆಟ್ಟಿನ ಚೀಟಿ ಮ್ಯಾಲೆ ಎಷ್ಟ ಕಿಲೋದ ತನಕ ಅಂತ ಬರದೈತಿ ಒಮ್ಮೆ ನೋಡಿ ಹೇಳ್ರಿ.